ತೊಟ್ಟಿಲ ಹಾಡು ಮತ್ತು ಮಗುವಿನ ಬೆಳವಣಿಗೆ

ಅಳುತ್ತಿರುವ ಕೂಸನ್ನು ಎತ್ತಿಕೊಂಡವರು, ಅವರು ತಾಯಿಯಾಗಿರಲಿ, ಅಜ್ಜಿಯಾಗಿರಲಿ, ನೆರೆಮನೆಯವರೇ ಆಗಿರಲಿ, ಮೊದಲು ಮಾಡುವ ಕೆಲಸ ಸಾಮಾನ್ಯವಾಗಿ ಒಂದೇ. ಹೆಗಲಿಗೆ ಹಾಕಿಕೊಂಡು, ಬೆನ್ನನ್ನು ಮೆಲ್ಲಗೆ ತಟ್ಟುತ್ತ, ಮೈಯನ್ನು ಅತ್ತಿತ್ತ ತೂಗುತ್ತ, ಏನಾದರೊಂದು ರಾಗ ಎಳೆಯುತ್ತಾರೆ. ಆ ರಾಗಕ್ಕೆ ಹೆಸರಿಲ್ಲ; ಎಷ್ಟೋ ಸಲ ಅದಕ್ಕೆ ಮಾತೂ ಇಲ್ಲ. ‘ಜೋ ಜೋ’ ಎಂದರೂ ಆಯಿತು, ‘ಳೊಳೊಳೊ’ ಎಂದರೂ ಆಯಿತು. ಇದನ್ನು ಅವರಿಗೆ ಯಾರೂ ಶಾಲೆಯಲ್ಲಿ ಕಲಿಸಿದ್ದಲ್ಲ. ಹೆಚ್ಚು ಕಡಮೆ ಎಲ್ಲ ನಾಡುಗಳಲ್ಲಿಯೂ ಎಲ್ಲ ಭಾಷೆಗಳಲ್ಲಿಯೂ ಮಕ್ಕಳನ್ನು ಸಂತೈಸುವ ಹಾಡುಗಳುಂಟು.

ಇಷ್ಟು ಸಹಜವಾದ ಈ ಕೆಲಸದಿಂದ ಮಗುವಿಗೆ ಆಗುವ ಪ್ರಯೋಜನವೇನು? ನಿದ್ರೆ ಬರುತ್ತದೆ ಎಂಬುದು ಸರಿಯೇ. ಅದಕ್ಕಿಂತ ಹೆಚ್ಚಿನದು ಏನಾದರೂ ಉಂಟೇ? ಕಳೆದ ನಾಲ್ಕೈದು ದಶಕಗಳಲ್ಲಿ ಹಲವು ದೇಶಗಳ ವಿಜ್ಞಾನಿಗಳು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು ಪ್ರಯೋಗಗಳನ್ನು ಮಾಡಿದ್ದಾರೆ. ಅವರು ಕಂಡದ್ದರಲ್ಲಿ ನಾವು ಹಿಗ್ಗುವಂಥ ಸಂಗತಿಗಳೂ ಉಂಟು, ನಮ್ಮ ಕೆಲವು ಭ್ರಮೆಗಳನ್ನು ಕಳೆಯುವಂಥ ಸಂಗತಿಗಳೂ ಉಂಟು. ಚಿಕ್ಕ ಮಕ್ಕಳಿರುವ ಸಂಸಾರಗಳು ಎರಡನ್ನೂ ತಿಳಿದಿರುವುದು ಒಳ್ಳೆಯದು.

ಗರ್ಭದಲ್ಲಿರುವಾಗಲೇ

ಅಭಿಮನ್ಯು ತಾಯಿಯ ಗರ್ಭದಲ್ಲಿದ್ದುಕೊಂಡೇ ಚಕ್ರವ್ಯೂಹದ ರಹಸ್ಯವನ್ನು ಕೇಳಿಸಿಕೊಂಡನೆಂಬ ಕಥೆಯನ್ನು ನಾವೆಲ್ಲ ಬಲ್ಲೆವು. ಯುದ್ಧವಿದ್ಯೆಯ ಮಾತು ಹಾಗಿರಲಿ. ಗರ್ಭಸ್ಥ ಶಿಶುವಿಗೆ ಕಿವಿ ಕೇಳುತ್ತದೆ ಎಂಬುದಂತೂ ನಿಜ. ಗರ್ಭಧಾರಣೆಯ ಆರನೆಯ ತಿಂಗಳ ಹೊತ್ತಿಗೆ ಶಿಶು ಶಬ್ದಕ್ಕೆ ಪ್ರತಿಕ್ರಿಯೆ ತೋರತೊಡಗುತ್ತದೆ. ಹೊರಗಿನ ಸದ್ದು ಹೊಟ್ಟೆಯ ಗೋಡೆಯನ್ನೂ ನೀರನ್ನೂ ದಾಟಿ ಒಳಕ್ಕೆ ಹೋಗುವಾಗ ಮಾತಿನ ಅಕ್ಷರಗಳು ಮಸುಕಾಗುತ್ತವೆ. ದನಿಯ ಏರಿಳಿತವೂ ಲಯವೂ ಉಳಿಯುತ್ತವೆ. ಎಂದರೆ, ಮಗು ಕೇಳುವ ತಾಯಿಯ ಮೊದಲ ಮಾತು ಮಾತಿಗಿಂತ ಹೆಚ್ಚಾಗಿ ಒಂದು ರಾಗದಂತಿರುತ್ತದೆ.

1980 ರಲ್ಲಿ ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಸಂಶೋಧಕರು, ಹುಟ್ಟಿ ಮೂರು ದಿನ ತುಂಬದ ಶಿಶುಗಳು ಕೂಡ ಬೇರೆ ಹೆಂಗಸರ ದನಿಗಿಂತ ತಮ್ಮ ತಾಯಿಯ ದನಿಯನ್ನೇ ಬಯಸುತ್ತವೆಂದು ತೋರಿಸಿದರು. ಇದನ್ನು ಅವರು ಕಂಡುಹಿಡಿದ ಬಗೆ ಸ್ವಾರಸ್ಯವಾದದ್ದು. ಶಿಶುವಿನ ಬಾಯಿಗೆ ಹಾಲಿಲ್ಲದ ರಬ್ಬರಿನ ತೊಟ್ಟೊಂದನ್ನು ಕೊಟ್ಟು, ಅದು ಚೀಪುವ ರೀತಿಗೆ ತಕ್ಕಂತೆ ಒಂದು ದನಿಯೋ ಇನ್ನೊಂದು ದನಿಯೋ ಕೇಳಿಬರುವಂತೆ ಏರ್ಪಾಟು ಮಾಡಿದರು. ಶಿಶುಗಳು ತಾಯಿಯ ದನಿ ಬರುವ ಹಾಗೆ ಚೀಪುವುದನ್ನು ಬಲುಬೇಗ ಕಲಿತುಬಿಟ್ಟವು. ಗರ್ಭದ ಕೊನೆಯ ವಾರಗಳಲ್ಲಿ ತಾಯಂದಿರು ದಿನವೂ ಗಟ್ಟಿಯಾಗಿ ಓದಿದ ಕಥೆಯನ್ನು ಶಿಶುಗಳು ಹುಟ್ಟಿದ ಮೇಲೆ ಗುರುತಿಸಿದವೆಂದು 1986 ರ ಇನ್ನೊಂದು ಪ್ರಯೋಗ ತೋರಿಸಿತು.

ಮಗುವಿನ ಅಳುವಿನಲ್ಲಿ ಕೂಡ ಈ ಕೇಳ್ಮೆಯ ಗುರುತು ಉಂಟು. 2009 ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಫ್ರೆಂಚ್ ಮತ್ತು ಜರ್ಮನ್ ಮನೆಗಳ 60 ನವಜಾತ ಶಿಶುಗಳ ಅಳುವನ್ನು ಧ್ವನಿಮುದ್ರಿಸಿ ಹೋಲಿಸಿದರು. ಫ್ರೆಂಚ್ ಕೂಸುಗಳ ಅಳು ತಗ್ಗಿನಿಂದ ಮೇಲಕ್ಕೆ ಏರುತ್ತಿತ್ತು. ಜರ್ಮನ್ ಕೂಸುಗಳ ಅಳು ಮೇಲಿನಿಂದ ತಗ್ಗಿಗೆ ಇಳಿಯುತ್ತಿತ್ತು. ಆಯಾ ಭಾಷೆಯ ಮಾತಿನ ಧಾಟಿಯೂ ಹಾಗೆಯೇ. ತಾಯ್ನುಡಿಯ ಪದವೊಂದನ್ನೂ ಆಡುವ ಮೊದಲೇ ಮಗು ಅದರ ಧಾಟಿಯನ್ನು ಕಲಿತಿರುತ್ತದೆ.

ತಾಳ ಎಲ್ಲಿಂದ ಬರುತ್ತದೆ?

ಸ್ವರದಂತೆ ತಾಳದ ಅರಿವೂ ಬಲು ಬೇಗನೆ ಬರುತ್ತದೆ. 2009 ರಲ್ಲಿ ಹಂಗೇರಿ ಮತ್ತು ಹಾಲೆಂಡಿನ ಸಂಶೋಧಕರು ಹುಟ್ಟಿ ಎರಡು ಮೂರು ದಿನಗಳಾಗಿದ್ದ ಶಿಶುಗಳಿಗೆ, ಅವು ಮಲಗಿ ನಿದ್ರಿಸುತ್ತಿದ್ದಾಗ, ಮದ್ದಳೆಯಂಥ ವಾದ್ಯದ ಗತಿಯೊಂದನ್ನು ಕೇಳಿಸಿದರು. ನಡುನಡುವೆ ಗತಿಯ ಮೊದಲ ಪೆಟ್ಟನ್ನು ಬೇಕೆಂದೇ ಬಿಟ್ಟರು. ಪೆಟ್ಟು ತಪ್ಪಿದ ಕಡೆಯಲ್ಲೆಲ್ಲ ಶಿಶುಗಳ ಮೆದುಳಿನ ವಿದ್ಯುತ್ ಅಲೆಗಳು ಬೇರೆಯಾದವು. ಬರಬೇಕಾದ ಪೆಟ್ಟು ಬರಲಿಲ್ಲವೆಂದು ನಿದ್ರೆಯಲ್ಲಿಯೂ ಅವುಗಳಿಗೆ ತಿಳಿಯಿತೆಂದಾಯಿತು.

ಆದರೆ ತಾಳದ ಕಲಿಕೆಗೆ ಕಿವಿಯೊಂದೇ ಸಾಲದು, ಮೈಯೂ ಬೇಕು. ಕೆನಡಾದಲ್ಲಿ ನಡೆದು 2005 ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಸಾಕ್ಷಿ. ಏಳು ತಿಂಗಳ ಕೂಸುಗಳಿಗೆ ಒತ್ತು ಎಲ್ಲಿಯೂ ಬೀಳದ ಒಂದೇ ಸಮನಾದ ಗತಿಯನ್ನು ಎರಡು ನಿಮಿಷ ಕೇಳಿಸಿದರು. ಕೆಲವು ಕೂಸುಗಳನ್ನು ಪ್ರತಿ ಎರಡನೆಯ ಪೆಟ್ಟಿಗೆ ಎತ್ತಿ ಕುಣಿಸಿದರು, ಇನ್ನು ಕೆಲವನ್ನು ಪ್ರತಿ ಮೂರನೆಯ ಪೆಟ್ಟಿಗೆ. ಆಮೇಲೆ ಒತ್ತು ಬೀಳುವ ಗತಿಗಳನ್ನು ಕೇಳಿಸಿದಾಗ, ಎರಡರ ಲೆಕ್ಕದಲ್ಲಿ ಕುಣಿದ ಕೂಸುಗಳು ಎರಡರ ಗತಿಯನ್ನು, ಮೂರರ ಲೆಕ್ಕದಲ್ಲಿ ಕುಣಿದವು ಮೂರರ ಗತಿಯನ್ನು ಹೆಚ್ಚು ಹೊತ್ತು ಆಲಿಸಿದವು. ತಾವು ಕುಣಿಯದೆ ಬೇರೆಯವರು ಕುಣಿಯುವುದನ್ನು ಸುಮ್ಮನೆ ನೋಡಿದ ಕೂಸುಗಳಲ್ಲಿ ಈ ಪರಿಣಾಮ ಕಾಣಲಿಲ್ಲ. ನಮ್ಮ ಮನೆಗಳಲ್ಲಿ ಮಗುವನ್ನು ಕಾಲಮೇಲೆ ಕೂರಿಸಿಕೊಂಡು ಆನೆ ಆಡಿಸುವುದು, ಕೈ ಹಿಡಿದು ಚಪ್ಪಾಳೆ ತಟ್ಟಿಸುವುದು, ಹಾಡುತ್ತ ತೊಟ್ಟಿಲು ತೂಗುವುದು ಬರಿಯ ಕಾಲಹರಣವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಇಲ್ಲಿ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ಯೂರೋಪಿನ ಬಾಲ್ಕನ್ ನಾಡುಗಳ ಕುಣಿತದ ಹಾಡುಗಳಲ್ಲಿ 2 ಮತ್ತು 3 ಎಣಿಕೆಯ ತುಂಡುಗಳು ಬೆರೆತು 7 ರ ಎಣಿಕೆ ಬರುವುದು ಸಾಮಾನ್ಯ. ಅಮೆರಿಕದ ಹಾಡುಗಳಲ್ಲಿ ಇದು ಅಪರೂಪ. ಹ್ಯಾನನ್ ಮತ್ತು ಟ್ರೆಹಬ್ ಎಂಬ ಸಂಶೋಧಕಿಯರು 2005 ರಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಉತ್ತರ ಅಮೆರಿಕದ ಆರು ತಿಂಗಳ ಕೂಸುಗಳು ಇಂಥ ಗತಿಯಲ್ಲಿ ತಾಳ ತಪ್ಪಿದರೆ ಗುರುತಿಸುತ್ತವೆ. ಆದರೆ ಒಂದು ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಕುಂದಿರುತ್ತದೆ. ಅಂಥ ಸಂಗೀತವನ್ನು ಮನೆಯಲ್ಲಿ ಎರಡು ವಾರ ಕೇಳಿಸಿದರೆ ಒಂದು ವರ್ಷದ ಮಗು ಅದನ್ನು ಮತ್ತೆ ಪಡೆಯುತ್ತದೆ. ದೊಡ್ಡವರಿಗೆ ಅಷ್ಟೇ ಕೇಳಿಸಿದರೆ ಅಂಥ ಫಲ ಸಿಗಲಿಲ್ಲ.

ನಮ್ಮ ಮಿಶ್ರಛಾಪು 3 ಮತ್ತು 4 ಸೇರಿದ ಏಳರ ತಾಳ. ಖಂಡಛಾಪು 2 ಮತ್ತು 3 ಸೇರಿದ ಐದರ ತಾಳ. ಕುಮಾರವ್ಯಾಸನ ಭಾಮಿನಿ ಷಟ್ಪದಿ ನಡೆಯುವುದು 3 ಮತ್ತು 4 ಮಾತ್ರೆಗಳ ಗಣಗಳಲ್ಲಿ; ಲಕ್ಷ್ಮೀಶನ ವಾರ್ಧಕ ಷಟ್ಪದಿ 5 ಮಾತ್ರೆಗಳ ಗಣಗಳಲ್ಲಿ. ಗಮಕ, ದೇವರನಾಮ, ಯಕ್ಷಗಾನದ ಪದ ಇವುಗಳನ್ನು ಕೇಳುತ್ತ ಬೆಳೆದ ಮಗುವಿಗೆ ಐದೂ ಏಳೂ ಎರಡು ನಾಲ್ಕರಷ್ಟೇ ಸಲೀಸು. ಕೇಳದೆ ಬೆಳೆದ ಮಗುವಿಗೆ ಅವನ್ನು ಮುಂದೆ ಬೆರಳೆಣಿಸಿ ಕಲಿಸಬೇಕಾಗುತ್ತದೆ. ಹುಟ್ಟುವಾಗ ಎಲ್ಲ ತಾಳಗಳಿಗೂ ತೆರೆದಿದ್ದ ಕಿವಿ ತನ್ನ ಮನೆಯಲ್ಲಿ ಕೇಳಿಬರದ ತಾಳವನ್ನು ಮೊದಲ ವರ್ಷದಲ್ಲಿಯೇ ಬಿಟ್ಟುಕೊಡತೊಡಗುತ್ತದೆ. ಇದು ನಾವು ಯೋಚಿಸಬೇಕಾದ ವಿಷಯ.

ಜೋಗುಳದ ಗುಣ

ಜೋಗುಳದ ಗುಣವನ್ನು ತಾಯಂದಿರಿಗೆ ವಿಜ್ಞಾನಿಗಳು ಹೇಳಿಕೊಡಬೇಕಾಗಿಲ್ಲ. ಆದರೂ ಅವರ ಲೆಕ್ಕ ಕೇಳುವುದಕ್ಕೆ ಚೆನ್ನಾಗಿದೆ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಆರರಿಂದ ಒಂಬತ್ತು ತಿಂಗಳ ಕೂಸುಗಳಿಗೆ, ಅವು ಎಂದೂ ಕೇಳದಿದ್ದ ತುರ್ಕಿ ಭಾಷೆಯ ಹಾಡನ್ನೂ ಅದೇ ಭಾಷೆಯ ಮಾತನ್ನೂ ಕೇಳಿಸಿ, ಅವು ಎಷ್ಟು ಹೊತ್ತು ಅಳದೆ ಇರುತ್ತವೆಂದು ನೋಡಿದರು. ಮಾತು ಕೇಳಿದ ಕೂಸುಗಳು ಸುಮಾರು 4 ನಿಮಿಷ ಸಮಾಧಾನದಿಂದಿದ್ದವು. ಹಾಡು ಕೇಳಿದವು ಸುಮಾರು 9 ನಿಮಿಷ. ಹಾಡಿನ ಅರ್ಥ ಗೊತ್ತಿರಲಿಲ್ಲ, ಹಾಡುವವರು ಕಣ್ಣಿಗೆ ಕಾಣುತ್ತಿರಲಿಲ್ಲ. ಆದರೂ ಹಾಡು ಮಾತಿಗಿಂತ ಎರಡರಷ್ಟು ಹೊತ್ತು ಅವುಗಳನ್ನು ಹಿಡಿದಿಟ್ಟಿತು.

ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅಮೆರಿಕದ 11 ಆಸ್ಪತ್ರೆಗಳಲ್ಲಿ ಇಂಥ 272 ಶಿಶುಗಳನ್ನು ಕುರಿತ ಅಧ್ಯಯನವೊಂದು 2013 ರಲ್ಲಿ ಪ್ರಕಟವಾಯಿತು. ತಾಯ್ತಂದೆಗಳು ತಮಗೆ ಪ್ರಿಯವಾದ ಹಾಡೊಂದನ್ನು ಆರಿಸಿದರು. ಅದನ್ನು ಜೋಗುಳದ ಧಾಟಿಗೆ ಇಳಿಸಿ ಶಿಶುವಿನ ಬಳಿಯಲ್ಲಿಯೇ ಹಾಡಲಾಯಿತು. ಶಿಶುಗಳು ಹಾಲು ಹೀರುವುದೂ ಅವುಗಳಿಗೆ ಸಲ್ಲುವ ಆಹಾರವೂ ಹೆಚ್ಚಿದವು; ತಾಯ್ತಂದೆಗಳ ಮನಸ್ಸಿನ ಆತಂಕವೂ ಇಳಿಯಿತು. ಈ ಕೊನೆಯ ಮಾತನ್ನು ಮರೆಯಬಾರದು. ಜೋಗುಳ ಮಗುವನ್ನು ಮಾತ್ರವಲ್ಲ, ಹಾಡುವವರನ್ನೂ ಸಂತೈಸುತ್ತದೆ. ಹಲಸಂಗಿಯ ಗೆಳೆಯರು ಕಲೆಹಾಕಿದ ‘ಗರತಿಯ ಹಾಡು’ ಸಂಗ್ರಹದಲ್ಲಿ ಕೂಸನ್ನು ಕುರಿತ ತ್ರಿಪದಿಗಳನ್ನು ಓದಿದವರಿಗೆ ಇದು ಹೊಸ ಮಾತಲ್ಲ. ನಮ್ಮ ಹೆಣ್ಣುಮಕ್ಕಳು ತವರಿನ ನೆನಪು, ಸಂಸಾರದ ದಣಿವು ಎಲ್ಲವನ್ನೂ ಮಗುವಿನ ಮುಂದೆ ಹಾಡಿ ಹಗುರ ಮಾಡಿಕೊಂಡವರೇ.

ಹಾಡಿನಿಂದ ನುಡಿಗೆ

ಹಾಡು ಮಾತಿನ ಕಲಿಕೆಗೆ ನೆರವಾಗುವುದು ಹೇಗೆ? ಮಾತು ಬೇಗ ಓಡುತ್ತದೆ. ಹಾಡು ನಿಧಾನವಾಗಿ ನಡೆಯುತ್ತದೆ. ಮಾತಿನಲ್ಲಿ ಒಂದಕ್ಕೊಂದು ಅಂಟಿಕೊಂಡಿರುವ ಅಕ್ಷರಗಳು ಹಾಡಿನಲ್ಲಿ ಬಿಡಿಬಿಡಿಯಾಗಿ ಬರುತ್ತವೆ. ಅದೇ ಸಾಲು ಮತ್ತೆ ಮತ್ತೆ ಬರುವುದರಿಂದ ಮುಂದಿನ ಪದವನ್ನು ಮಗು ಮೊದಲೇ ಊಹಿಸುತ್ತದೆ.

ಕನ್ನಡಕ್ಕೆ ಇದು ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ನಮ್ಮ ಭಾಷೆಯಲ್ಲಿ ಅಕ್ಷರದ ಉದ್ದ ಬದಲಾದರೆ ಅರ್ಥವೇ ಬದಲಾಗುತ್ತದೆ. ‘ಕರು’ ಬೇರೆ, ‘ಕಾರು’ ಬೇರೆ. ‘ಬಲೆ’ ಬೇರೆ, ‘ಬಾಲೆ’ ಬೇರೆ. ‘ಹಳಿ’ ಬೇರೆ, ‘ಹಳ್ಳಿ’ ಬೇರೆ. ಹಾಡಿನಲ್ಲಿ ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು; ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ಚಪ್ಪಾಳೆ ತಟ್ಟುತ್ತ ಶಿಶುಗೀತೆ ಹಾಡುವ ಮೂರು ವರ್ಷದ ಮಗು ಛಂದಸ್ಸಿನ ಈ ಸೂತ್ರವನ್ನು ಹೆಸರು ತಿಳಿಯದೆಯೇ ಕೈಯಿಂದ ಕಲಿತುಕೊಳ್ಳುತ್ತದೆ. ಮುಂದೆ ಕಾಗುಣಿತ ಬರೆಯುವಾಗ ದೀರ್ಘವನ್ನೂ ಒತ್ತನ್ನೂ ಬಿಡದಿರಲು ಇದೇ ಬುನಾದಿ.

ಪ್ರಾಸದ ಮಾತೂ ಹೀಗೆಯೇ. ಇಂಗ್ಲೆಂಡಿನ ಬ್ರ್ಯಾಡ್ಲಿ ಮತ್ತು ಬ್ರಯಾಂಟ್ ಎಂಬವರು 1983 ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕೈದು ವರ್ಷದಲ್ಲಿ ಪ್ರಾಸವನ್ನು ಗುರುತಿಸಬಲ್ಲ ಮಕ್ಕಳು ಮುಂದಿನ ವರ್ಷಗಳಲ್ಲಿ ಓದು ಬರಹವನ್ನು ಹೆಚ್ಚು ಸುಲಭವಾಗಿ ಕಲಿತರು. ನಮ್ಮಲ್ಲಿ ಪಂಜೆ ಮಂಗೇಶರಾಯರೂ ಜಿ. ಪಿ. ರಾಜರತ್ನಂ ಅವರೂ ಮಕ್ಕಳಿಗಾಗಿ ಬರೆದ ಪದ್ಯಗಳು ಇಂದಿಗೂ ನಾಲಗೆಯ ಮೇಲೆ ಉಳಿದಿರುವುದಕ್ಕೆ ಅವುಗಳ ಪ್ರಾಸವೂ ಗತಿಯೂ ಮುಖ್ಯ ಕಾರಣ. ಅವು ಪುಸ್ತಕದಲ್ಲಿ ಓದಿ ಮುಗಿಸುವ ಪದ್ಯಗಳಲ್ಲ, ಬಾಯಲ್ಲಿ ಆಡಬೇಕಾದವು.

2016 ರಲ್ಲಿ ಅಮೆರಿಕದ ವಾಷಿಂಗ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಒಂಬತ್ತು ತಿಂಗಳ ಕೂಸುಗಳನ್ನು ಹನ್ನೆರಡು ಸಲ, ಒಂದೊಂದು ಸಲಕ್ಕೆ ಕಾಲು ಗಂಟೆಯಂತೆ, ಮೂರರ ಗತಿಯ ಸಂಗೀತಕ್ಕೆ ಆಡಿಸಿದರು. ಬೇರೆ ಕೂಸುಗಳಿಗೆ ಅಷ್ಟೇ ಹೊತ್ತು ಸಂಗೀತವಿಲ್ಲದೆ ಆಟಿಕೆಗಳನ್ನು ಕೊಟ್ಟರು. ಆಮೇಲೆ ನೋಡಿದರೆ, ಸಂಗೀತದ ಗತಿ ತಪ್ಪಿದಾಗ ಮಾತ್ರವಲ್ಲ, ಮಾತಿನ ಗತಿ ತಪ್ಪಿದಾಗಲೂ ಮೊದಲ ಗುಂಪಿನ ಕೂಸುಗಳ ಮೆದುಳು ಹೆಚ್ಚು ಸ್ಪಷ್ಟವಾಗಿ ಪ್ರತಿಕ್ರಿಯಿಸಿತು.

ಕೂಡಿ ಹಾಡುವುದರ ಫಲ

ಸಂಗೀತದಿಂದ ಮಗುವಿನ ಸ್ವಭಾವಕ್ಕೂ ಲಾಭವುಂಟು. 2010 ರಲ್ಲಿ ಜರ್ಮನಿಯಲ್ಲಿ ನಾಲ್ಕು ವರ್ಷದ 96 ಮಕ್ಕಳನ್ನು ಇಬ್ಬಿಬ್ಬರಂತೆ ಆಟಕ್ಕೆ ಬಿಟ್ಟರು. ಕೆಲವು ಜೋಡಿಗಳು ಕಪ್ಪೆಗಳ ಆಟವನ್ನು ಹಾಡುತ್ತ ಕುಣಿಯುತ್ತ ಆಡಿದವು. ಉಳಿದ ಜೋಡಿಗಳು ಅದೇ ಆಟವನ್ನು ಹಾಡಿಲ್ಲದೆ ಆಡಿದವು. ಆಮೇಲೆ ಒಂದು ಮಗುವಿನ ಕೈಯಲ್ಲಿದ್ದ ಗೋಲಿಗಳು ನೆಲಕ್ಕೆ ಚೆಲ್ಲುವಂತೆ ಮಾಡಿದಾಗ, ಕೂಡಿ ಹಾಡಿದ ಜೊತೆಗಾರರೇ ಹೆಚ್ಚಾಗಿ ಆಯ್ದುಕೊಡಲು ಬಂದರು. 2014 ರಲ್ಲಿ ಕೆನಡಾದ ಸಂಶೋಧಕರು ಇದನ್ನು ಹದಿನಾಲ್ಕು ತಿಂಗಳ ಕೂಸುಗಳಲ್ಲಿಯೂ ಕಂಡರು. ಎದುರಿಗೆ ನಿಂತವರೊಡನೆ ತಾಳಕ್ಕೆ ಸರಿಯಾಗಿ ಕುಣಿದ ಕೂಸುಗಳು, ಅವರು ವಸ್ತುವೊಂದನ್ನು ಕೆಡವಿದಾಗ, ತಾಳ ತಪ್ಪಿ ಕುಣಿದವಕ್ಕಿಂತ ಹೆಚ್ಚಾಗಿ ಎತ್ತಿಕೊಟ್ಟವು.

ಕೋಲಾಟ, ಭಜನೆ, ಹಬ್ಬದ ಆರತಿಯ ಹಾಡು ಇವುಗಳಲ್ಲಿ ಮಕ್ಕಳನ್ನು ಸೇರಿಸಿಕೊಳ್ಳುವ ನಮ್ಮ ರೂಢಿಯ ಹಿಂದೆ ಇಂಥದೇ ಒಂದು ಅರಿವು ಇದ್ದಿರಬೇಕು. ಕೋಲಾಟದಲ್ಲಿ ಎದುರಿನವರ ಕೋಲಿಗಾಗಿ ಕಾಯಬೇಕು. ಭಜನೆಯಲ್ಲಿ ಒಬ್ಬರು ಹೇಳಿದ್ದನ್ನು ಕೇಳಿ ಆಮೇಲೆ ಹೇಳಬೇಕು. ತನ್ನ ಸರದಿಗಾಗಿ ಕಾಯುವುದನ್ನು ಮಗು ಬೈಗುಳವಿಲ್ಲದೆ ಕಲಿಯುವ ಕಡೆಗಳಲ್ಲಿ ಇವೂ ಒಂದು.

ಬುದ್ಧಿ ಹೆಚ್ಚುತ್ತದೆಯೇ?

ಇನ್ನು ಪಟ್ಟಣಗಳ ತಾಯ್ತಂದೆಗಳು ಹೆಚ್ಚಾಗಿ ಕೇಳುವ ಪ್ರಶ್ನೆ. ಸಂಗೀತ ಕಲಿಸಿದರೆ, ಇಲ್ಲವೆ ಕೇಳಿಸಿದರೆ, ಮಗುವಿನ ಬುದ್ಧಿಶಕ್ತಿ ಹೆಚ್ಚುತ್ತದೆಯೇ? ಗಣಿತದಲ್ಲಿ ಅಂಕಗಳು ಬರುತ್ತವೆಯೇ?

ಈ ಆಸೆ ಬಲವಾಗಿ ಹಬ್ಬಿದ್ದು 1993 ರಿಂದ. ಆ ವರ್ಷ ಅಮೆರಿಕದಲ್ಲಿ 36 ಮಂದಿ ಕಾಲೇಜು ವಿದ್ಯಾರ್ಥಿಗಳು ಮೊಟ್ಸಾರ್ಟನ ಪಿಯಾನೋ ಕೃತಿಯೊಂದನ್ನು ಹತ್ತು ನಿಮಿಷ ಕೇಳಿದ ಮೇಲೆ, ಆಕಾರಗಳನ್ನು ಮನಸ್ಸಿನಲ್ಲಿ ಮಡಿಚಿ ನೋಡುವಂಥ ಒಂದು ಬಗೆಯ ಪರೀಕ್ಷೆಯಲ್ಲಿ ತುಸು ಮೇಲಾಗಿ ಮಾಡಿದರು. ಆ ಪರಿಣಾಮ ಕಾಲು ಗಂಟೆಯೊಳಗೆ ಕರಗಿಹೋಯಿತು. ಅವರು ಯಾರೂ ಮಕ್ಕಳಾಗಿರಲಿಲ್ಲ. ಆದರೆ ಸುದ್ದಿ ಬಾಯಿಂದ ಬಾಯಿಗೆ ಹರಡುವಾಗ ‘ಮೊಟ್ಸಾರ್ಟನನ್ನು ಕೇಳಿದ ಕೂಸು ಜಾಣನಾಗುತ್ತದೆ’ ಎಂದಾಯಿತು. 1998 ರಲ್ಲಿ ಅಮೆರಿಕದ ಜಾರ್ಜಿಯಾ ಸಂಸ್ಥಾನದ ಗವರ್ನರು, ಹುಟ್ಟಿದ ಪ್ರತಿಯೊಂದು ಮಗುವಿನ ಮನೆಗೂ ಸಂಗೀತದ ಮುದ್ರಿಕೆಯೊಂದನ್ನು ಕೊಡಲು 1,05,000 ಡಾಲರು ಬೇಕೆಂದು ಕೇಳಿದರು. ಮುಂದೆ ಹಲವರು ಪ್ರಯೋಗವನ್ನು ಮತ್ತೆ ಮಾಡಿ ನೋಡಿದಾಗ, ಕಂಡ ಅಲ್ಪ ಲಾಭ ಮೊಟ್ಸಾರ್ಟನದಲ್ಲ, ಹಿತವಾದದ್ದೇನನ್ನಾದರೂ ಕೇಳಿ ಮನಸ್ಸು ಚುರುಕಾದುದರದು ಎಂದು ತೋರಿತು.

ಕೇಳುವುದರ ಬದಲು ಕಲಿತರೆ? 2004 ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಆರು ವರ್ಷದ 144 ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಒಂದು ವರ್ಷ ಸಂಗೀತ ಕಲಿತವರ ಬುದ್ಧಿಸೂಚ್ಯಂಕ ಉಳಿದವರಿಗಿಂತ ಎರಡು ಮೂರು ಅಂಶಗಳಷ್ಟು ಹೆಚ್ಚು ಏರಿತು. ಆದರೆ 2013 ರಲ್ಲಿ ನಾಲ್ಕು ವರ್ಷದ ಮಕ್ಕಳೊಡನೆ ಹಾರ್ವರ್ಡಿನಲ್ಲಿ ನಡೆದ ಪ್ರಯೋಗದಲ್ಲಿ ಅಂಥ ಲಾಭ ಸ್ಥಿರವಾಗಿ ಕಾಣಲಿಲ್ಲ. 2020 ರಲ್ಲಿ 54 ಅಧ್ಯಯನಗಳನ್ನು, ಸುಮಾರು 7,000 ಮಕ್ಕಳ ಲೆಕ್ಕವನ್ನು, ಒಟ್ಟುಗೂಡಿಸಿ ನೋಡಿದವರು, ಚೆನ್ನಾಗಿ ನಡೆಸಿದ ಪ್ರಯೋಗಗಳಲ್ಲಿ ಬುದ್ಧಿಯ ಮೇಲೂ ಶಾಲೆಯ ಅಂಕಗಳ ಮೇಲೂ ಸಂಗೀತದ ಪರಿಣಾಮ ಇಲ್ಲವೆನ್ನುವಷ್ಟು ಕಡಮೆ ಎಂದರು.

ಇದರಿಂದ ನಿರಾಶೆ ಪಡಬೇಕಾಗಿಲ್ಲ. ಸಂಗೀತ ಗಣಿತದ ಟಾನಿಕ್ಕಲ್ಲವೆಂದು ಗೊತ್ತಾದರೆ ಮಗುವಿಗೂ ಒಂದು ಬಿಡುಗಡೆಯೇ. ಅಂಕಗಳಿಗಾಗಿ ಸಂಗೀತದ ಪಾಠಕ್ಕೆ ದಬ್ಬಿಸಿಕೊಂಡ ಮಗು, ಅಂಕ ಬಾರದಿದ್ದಾಗ ಎರಡು ಸಲ ಸೋಲುತ್ತದೆ. ಮೊದಲು ಗಣಿತದಲ್ಲಿ, ಆಮೇಲೆ ತನ್ನದಾಗಬಹುದಾಗಿದ್ದ ಹಾಡಿನಲ್ಲಿ. ಮೇಲೆ ಹೇಳಿದ ನಿಜವಾದ ಲಾಭಗಳನ್ನು ನೋಡಿ: ಸಮಾಧಾನ, ನುಡಿಯ ಕಿವಿ, ತಾಳದ ಅರಿವು, ಜೊತೆಯವರೊಡನೆ ಹೊಂದಿಕೆ. ಇವು ಯಾವುವೂ ಪರೀಕ್ಷೆಯ ಪಟ್ಟಿಯಲ್ಲಿ ಬರುವುದಿಲ್ಲ. ಇವುಗಳಲ್ಲಿ ಹೆಚ್ಚಿನವು ಬರುವುದು ಮಗುವನ್ನು ಎತ್ತಿಕೊಂಡು, ಆಡಿಸಿಕೊಂಡು, ಅದರೊಡನೆ ಹಾಡುವುದರಿಂದ.

ಮನೆಯಲ್ಲಿ ಮಾಡಬಹುದಾದದ್ದು

‘ನನಗೆ ಹಾಡಲು ಬಾರದು’ ಎಂದು ಹಿಂಜರಿಯುವವರು ಬಹಳ. ಕೂಸಿಗೆ ಶ್ರುತಿಶುದ್ಧಿಯ ವಿಮರ್ಶೆ ಬೇಕಿಲ್ಲ. ಗುರುತಿನ ದನಿ ಬೇಕು. ತುಸು ಮೇಲಿನ ಶ್ರುತಿಯಲ್ಲಿ, ನಿಧಾನವಾಗಿ, ಮುಖ ನೋಡುತ್ತ ಹಾಡಿದರೆ ಸಾಕು. ಈ ಕೆಲಸವನ್ನು ತಾಯಿಗೆ ಮಾತ್ರ ಬಿಡುವುದೂ ಸರಿಯಲ್ಲ. ತಂದೆಯ ದನಿಯೂ ಅಜ್ಜನ ದನಿಯೂ ಮಗುವಿಗೆ ಬೇಕು. ದಿನಕ್ಕೆ ಒಂದೆರಡು ಹೊತ್ತನ್ನು ಹಾಡಿಗೆ ಮೀಸಲಿಡಬಹುದು: ಎಣ್ಣೆ ಹಚ್ಚಿ ಸ್ನಾನ ಮಾಡಿಸುವಾಗ ಒಂದು ಹಾಡು, ಮಲಗಿಸುವಾಗ ಒಂದು ಹಾಡು. ದಿನವೂ ಅದೇ ಹಾಡಾದರೆ ಬೇಸರವೆಂದು ದೊಡ್ಡವರು ತಿಳಿಯುತ್ತಾರೆ. ಮಗುವಿಗೆ ಅದೇ ಬೇಕು.

ಎರಡು ಮೂರು ವರ್ಷದ ಮಗು ಹಾಡನ್ನು ತುಂಡುತುಂಡಾಗಿ, ತನ್ನದೇ ಶ್ರುತಿಯಲ್ಲಿ ಹಾಡುತ್ತದೆ. ತಿದ್ದಹೋಗಬಾರದು. ಸಾಲಿನ ಕೊನೆಯ ಪದವನ್ನು ಬಿಟ್ಟು ನಿಲ್ಲಿಸಿದರೆ ಮಗು ಅದನ್ನು ತಾನೇ ತುಂಬುತ್ತದೆ. ಹೊಳಿಗೆಯ ಲಟ್ಟಣಿಗೆ, ಖಾಲಿ ಡಬ್ಬ, ಹುಣಿಸೆಬೀಜ ತುಂಬಿ ಮುಚ್ಚಳವನ್ನು ಬಿಗಿದ ಡಬ್ಬಿ ಇವೇ ವಾದ್ಯಗಳು. ಕ್ರಮವಾದ ಪಾಠಕ್ಕೆ ಅವಸರ ಬೇಡ. ಪುರಂದರದಾಸರು ಹಾಕಿಕೊಟ್ಟರೆಂದು ನಾವು ನಂಬಿ ನಡೆಯುತ್ತಿರುವ ಮಾಯಾಮಾಳವಗೌಳದ ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಮಗು ಕುಳಿತು ಕೇಳುವ ವಯಸ್ಸಿಗೆ ಬರಲಿ.

ಎರಡು ಎಚ್ಚರಿಕೆಗಳು. ಮೊದಲನೆಯದು, ದನಿಯ ಗಟ್ಟಿತನ. ಕೂಸಿನ ತಲೆಯ ಬಳಿ ರೇಡಿಯೋವನ್ನಾಗಲಿ ಮೊಬೈಲನ್ನಾಗಲಿ ಇಟ್ಟು ರಾತ್ರಿಯೆಲ್ಲ ನುಡಿಸಬಾರದು. ನಾವು ಮಾತನಾಡುವಷ್ಟು ಮೆಲುದನಿ, ತುಸು ದೂರ, ಸ್ವಲ್ಪ ಹೊತ್ತು, ಇಷ್ಟೇ ಸಾಕು. ಎರಡನೆಯದು, ಮೊಬೈಲಿನ ಚಿತ್ರಗೀತಗಳು. ಎರಡು ವರ್ಷ ತುಂಬದ ಮಗುವಿಗೆ ತೆರೆಯ ಮುಂದೆ ಕುಳಿತಿರುವ ಕಾಲ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019 ರಲ್ಲಿ ಸಲಹೆ ಮಾಡಿದೆ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚಿರಬಾರದು. ಬಣ್ಣದ ಚಿತ್ರ ನೋಡುವ ಮಗು ಸುಮ್ಮನಿರುತ್ತದೆ, ನಿಜ. ಆದರೆ ಅದು ಹಾಡುವುದಿಲ್ಲ, ಕುಣಿಯುವುದೂ ಕಡಮೆ.

ಇನ್ನೊಂದು ಮುಖ್ಯ ಮಾತು. ಗಟ್ಟಿ ಸದ್ದಿಗೆ ಬೆಚ್ಚದ, ಆರು ತಿಂಗಳಾದರೂ ದನಿ ಬಂದ ಕಡೆಗೆ ತಿರುಗದ ಕೂಸನ್ನು ತಡಮಾಡದೆ ವೈದ್ಯರಿಗೆ ತೋರಿಸಿ ಕಿವಿಯ ಪರೀಕ್ಷೆ ಮಾಡಿಸಬೇಕು. ದಿನವೂ ಹಾಡುವ ಮನೆಯಲ್ಲಿ ಈ ಕೊರತೆ ಬೇಗ ಕಣ್ಣಿಗೆ ಬೀಳುವುದೂ ಒಂದು ಲಾಭವೇ.

ರೇಡಿಯೋ ಇರುವ ಮನೆಗೆ

ಎಂ. ವಿ. ಗೋಪಾಲಸ್ವಾಮಿಯವರು 1935 ರಲ್ಲಿ ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದಂದಿನಿಂದ, ಸಭೆಗಳಿಗೆ ಹೋಗಲಾಗದ ಮನೆಗಳಿಗೂ ಒಳ್ಳೆಯ ಸಂಗೀತ ಬಂದು ಸೇರುತ್ತಿದೆ. ಇದು ಸಣ್ಣ ಉಪಕಾರವಲ್ಲ. ಮನೆಯಲ್ಲಿ ಯಾರಿಗೂ ಬಾರದ ವಚನ, ದಾಸರ ಪದ, ಜಾನಪದ ಗೀತೆ, ಐದರ ಏಳರ ತಾಳ ಇವೆಲ್ಲ ಮಗುವಿನ ಕಿವಿಗೆ ಬೀಳುವುದು ಎಷ್ಟೋ ಕಡೆ ರೇಡಿಯೋದಿಂದಲೇ.

ಆದರೆ ರೇಡಿಯೋ ಮಗುವಿನ ಮುಖ ನೋಡಿ ಗತಿಯನ್ನು ನಿಧಾನ ಮಾಡಲಾರದು, ಎತ್ತಿ ಕುಣಿಸಲಾರದು, ಪದವನ್ನು ಬಿಟ್ಟು ಮಗು ತುಂಬಲೆಂದು ಕಾಯಲಾರದು. ಅದು ಮನೆಯವರ ಕೆಲಸ. ಆದ್ದರಿಂದ ಬೆಳಗಿನ ಗೀತೆಯನ್ನೋ ಮಕ್ಕಳ ಕಾರ್ಯಕ್ರಮದ ಹಾಡನ್ನೋ ಕೇಳುವಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾಳ ಹಾಕಿ. ಹಿಡಿಸಿದ ಒಂದು ಸಾಲನ್ನು ನೆನಪಿಟ್ಟುಕೊಳ್ಳಿ. ಕಾರ್ಯಕ್ರಮ ಮುಗಿದ ಮೇಲೆ ರೇಡಿಯೋ ಆರಿಸಿ, ಆ ಸಾಲನ್ನು ನಿಮ್ಮದೇ ದನಿಯಲ್ಲಿ ಮಗುವಿಗೆ ಹಾಡಿ ತೋರಿಸಿ. ಸಾಹಿತ್ಯ ಅರ್ಧ ಮರೆತಿದ್ದರೂ ಚಿಂತೆಯಿಲ್ಲ. ಮರೆತ ಕಡೆಗೆ ‘ಜೋ ಜೋ’ ಎಂದು ಸೇರಿಸಿದರೆ ಆಯಿತು.